ಮುಖಕ್ಕೆ ಬಾರದ್ದು

ಅಮ್ಮ ತೀರಿಕೊಂಡ ಮಾರನೆಯ ಬೆಳಗ್ಗೆ ತಮ್ಮ ಎಂದಿನಂತೆ ಎದ್ದು ಹೋಗಿ ಅಂಗಡಿಯ ಬಾಗಿಲು ತೆಗೆದ. ಈ ಸುದ್ದಿಯನ್ನು ಅಕ್ಕನಿಗೆ ಪಕ್ಕದ ಮನೆಯಾಕೆ ಬಂದು ಹೇಳಬೇಕಾಯಿತು. "ನಿಮ್ಮ ತಮ್ಮ ಗಾಜು ಒರೆಸ್ತಾ ಕೂತಿದ್ದಾನೆ ಕಣಮ್ಮ. ಏನೂ ಆಗೇ ಇಲ್ವೇನೋ ಅನ್ನೋ ಹಾಗೆ," ಅಂದಳು ಆಕೆ. ದನಿಯಲ್ಲಿ ಮರುಕ ಎಷ್ಟಿತ್ತೋ ಕುತೂಹಲವೂ ಅಷ್ಟೇ ಇತ್ತು. ಹಿಂದಿನ ದಿನ ಮನೆ ತುಂಬ ಜನ ಅತ್ತಿದ್ದರು. ಅಮ್ಮ ಬದುಕಿದ್ದಾಗ ಒಮ್ಮೆಯೂ ಇತ್ತ ತಲೆ ಹಾಕದ ನೆಂಟರು ಕೂಡ ಮೂಗು ಒರೆಸಿಕೊಂಡಿದ್ದರು. ತಮ್ಮನೊಬ್ಬ ಗೋಡೆಗೊರಗಿ, ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ.

ಅಕ್ಕನಿಗೆ ಅದು ಗಂಟಲಿನ ಮುಳ್ಳಾಯಿತು. ನುಂಗಲೂ ಆಗದು, ಉಗುಳಲೂ ಆಗದು.

ಅವನ ಕಾಯಿಲೆ ಅವಳಿಗೆ ಹೊಸದೇನಲ್ಲ. ಓದು ಇನ್ನೇನು ಮುಗಿಯಿತು ಅನ್ನುವ ವರ್ಷ ಅವನಿಗೆ ಬೇರೆ ಯಾರಿಗೂ ಕೇಳದ ಮಾತುಗಳು ಕೇಳಿಸತೊಡಗಿದ್ದವು. ಗೋಡೆಯಾಚೆಯವರು ತನ್ನ ವಿಷಯವೇ ಪಿಸುಗುಡುತ್ತಾರೆ ಅನ್ನುತ್ತಿದ್ದ. ಅನ್ನದಲ್ಲಿ ಏನೋ ಬೆರೆಸಿದ್ದಾರೆ ಅಂತ ತಟ್ಟೆ ತಳ್ಳುತ್ತಿದ್ದ. ಸ್ಕಿಜೋಫ್ರೇನಿಯಾ ಅನ್ನುವ ಹೆಸರನ್ನು ಮನೆಯವರೆಲ್ಲ ನಾಲಿಗೆ ಹೊರಳಿಸಿ ಕಲಿಯುವಷ್ಟರಲ್ಲಿ ಸಾಕುಸಾಕಾಗಿತ್ತು. ಮಾತ್ರೆ ಹಿಡಿದ ಮೇಲೆ ಆ ದನಿಗಳೇನೋ ಅಡಗಿದವು. ಆದರೆ ಜಗಳಗಂಟ ಬಾಡಿಗೆದಾರ ಮನೆ ಖಾಲಿ ಮಾಡುವಾಗ ಬಲ್ಬುಗಳನ್ನೂ ಬಿಚ್ಚಿಕೊಂಡು ಹೋದ ಹಾಗೆ, ಹೋಗುವಾಗ ಅವು ತಮ್ಮನ ಮುಖದ ಬೆಳಕನ್ನೂ ಒಯ್ದಿದ್ದವು. ನಗುವಿಗೂ ಸಿಟ್ಟಿಗೂ ಬೇಸರಕ್ಕೂ ಅವನಲ್ಲಿ ಈಗ ಒಂದೇ ಮುಖ.

ಅಂಗಡಿ ಅಪ್ಪನ ಕಾಲದ್ದು, ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಒಳಗೆ ಕಾಲಿಟ್ಟರೆ ಮರದ ಪುಡಿಯದೂ ಅಂಟಿನದೂ ವಾಸನೆ. ಒಂದು ಗೋಡೆಯ ತುಂಬ ಕಟ್ಟಿಗೆ ಬಳಸುವ ಬಣ್ಣಬಣ್ಣದ ಮರದ ಪಟ್ಟಿಗಳ ಮಾದರಿ ತುಂಡುಗಳು, ಇನ್ನೊಂದಕ್ಕೆ ಒರಗಿಸಿಟ್ಟ ಗಾಜಿನ ಹಾಳೆಗಳು. ಅಳತೆ ಹಿಡಿದು ಪಟ್ಟಿ ಕೊಯ್ಯುವುದು, ಮೂಲೆ ಕೂಡಿಸುವುದು, ಗಿರಾಕಿಗಳ ಹತ್ತಿರ ಮಾತಾಡುವುದು ಅಕ್ಕನ ಪಾಲು. ಗಾಜು ಒರೆಸುವುದು, ಹಿಂದಿನ ರಟ್ಟು ಕತ್ತರಿಸುವುದು ತಮ್ಮನದು. ಅವನು ಒರೆಸಿದ ಗಾಜಿನಲ್ಲಿ ಒಂದು ಬೆರಳಚ್ಚು ಹುಡುಕಿ ತೋರಿಸಿದವರಿಲ್ಲ. ಆದರೆ ಗಿರಾಕಿ ಬಂದು ಅವನೆದುರು ನಿಂತರೆ, ಅವನು ಅವರನ್ನೂ ಗಾಜನ್ನೂ ಒಂದೇ ರೀತಿ ನೋಡುತ್ತಿದ್ದ. ಬಂದವರು ಮೆಲ್ಲಗೆ ಅಕ್ಕನ ಕಡೆ ಸರಿಯುತ್ತಿದ್ದರು.

ಭಾನುವಾರ ಬಂದರೆ ಅಕ್ಕ ಕೇಳುತ್ತಿದ್ದಳು. "ಪಾರ್ಕಿಗೆ ಹೋಗ್ತಿದ್ದೀವಿ, ಬರ್ತೀಯೇನೋ?"

"ಬೇಡ."

"ಸಿನಿಮಾಗೆ?"

"ಬೇಡ ಅಕ್ಕ."

ಅಕ್ಕನ ಗಂಡ, ಅಂದರೆ ತಮ್ಮನ ಭಾವ, ಸಿಟಿ ಬಸ್ಸಿನ ಡ್ರೈವರು. "ನಿನ್ನ ತಮ್ಮ ನನ್ನ ಬಸ್ಸಿನ ಹಾಗೆ ಕಣೇ," ಅನ್ನುತ್ತಿದ್ದ. "ನಾಲ್ಕು ಜನ ತಳ್ಳಿದ್ರೆ ಸ್ಟಾರ್ಟ್ ಆಗುತ್ತೆ. ಆಮೇಲೆ ಸಲೀಸು." ಅಕ್ಕನಿಗೆ ನಗು ಬರುತ್ತಿರಲಿಲ್ಲ. ಅಮ್ಮ ಹೋದ ಮೇಲೆ ತಳ್ಳುವ ಆಸೆಯೂ ಉಳಿದಿರಲಿಲ್ಲ. ಹೆತ್ತವಳಿಗೇ ಮರುಗದವನು ಪಾರ್ಕಿನ ಹೂವಿಗೆ ಮರುಗುತ್ತಾನೆಯೇ? ಹೊತ್ತಿಗೆ ಸರಿಯಾಗಿ ಊಟ ಹಾಕಿದಳು, ಮಾತ್ರೆ ಕೊಟ್ಟಳು. ಮಾತು ಮಾತ್ರ ಕಡಿಮೆ ಮಾಡಿದಳು.

ಹೀಗಿರುವಾಗ ಒಂದು ಸಲ ಆಸ್ಪತ್ರೆಗೆ ಮಾತ್ರೆ ಬರೆಸಿಕೊಳ್ಳಲು ಹೋದಾಗ ಡಾಕ್ಟರು ಒಂದು ಸಂಶೋಧನೆಯ ವಿಷಯ ತೆಗೆದರು. ಈ ಕಾಯಿಲೆ ಇರುವವರು ಮತ್ತು ಅವರ ಒಡಹುಟ್ಟಿದವರು, ಇಬ್ಬರೂ ಬೇಕಂತೆ. ಚಿತ್ರ ನೋಡುವಾಗ ಮಿದುಳಿನಲ್ಲಿ ಏನೇನು ಆಗುತ್ತದೆ ಅಂತ ಸ್ಕ್ಯಾನ್ ಮಾಡುತ್ತಾರಂತೆ. "ಇಷ್ಟ ಇದ್ರೆ ಮಾತ್ರ," ಅಂದರು.

ಅಕ್ಕ ಬೇಡ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ತಮ್ಮ ಅಂದ: "ಅಕ್ಕ ಬಂದ್ರೆ ನಾನೂ ಬರ್ತೀನಿ."

ಬೇಡ ಅನ್ನುವುದನ್ನು ಬಿಟ್ಟು ಬೇರೇನನ್ನೂ ಹೇಳದವನು ಬರ್ತೀನಿ ಅಂದಾಗ ಅಕ್ಕ ಅಡಕತ್ತರಿಗೆ ಸಿಕ್ಕ ಹಾಗಾದಳು. ಅವಳಿಗಿದ್ದ ಅಂಜಿಕೆಯೇ ಬೇರೆ. ಒಂದೇ ಬಳ್ಳಿಯ ಕಾಯಿಗಳು ನಾವು, ನನ್ನ ತಲೆಯೊಳಗೂ ಅದೇ ಇದ್ದರೆ? ನೋಡದೆ ಇದ್ದಷ್ಟು ದಿನ ನೆಮ್ಮದಿ ಅಲ್ಲವೇ? ಮನೆಯಲ್ಲಿ ಇದನ್ನು ಹೇಳಿಕೊಂಡರೆ ಭಾವ ಚಪ್ಪಲಿ ಕಳಚುತ್ತಾ, "ಹೋಗಿ ಬಾ. ನಿನ್ನ ತಲೇಲಿ ನಾನು ಎಲ್ಲಾದ್ರೂ ಇದ್ದೀನಾ ಅಂತನೂ ನೋಡ್ಕೊಂಡು ಬಾ. ನಂಗೆ ಬಹಳ ದಿನದ ಅನುಮಾನ," ಅಂದ.

ಸಂಶೋಧನೆ ನಡೆಸುತ್ತಿದ್ದಾಕೆ ಇನ್ನೂ ಚಿಕ್ಕ ವಯಸ್ಸಿನವಳು. ಮಾತು ನಿಧಾನ. ಎದುರಿಗಿದ್ದವರು ಅರ್ಥವಾಯಿತು ಅನ್ನುವವರೆಗೆ ಮುಂದಿನ ಮಾತಿಗೆ ಹೋಗುತ್ತಿರಲಿಲ್ಲ. ಅಕ್ಕ ನೇರವಾಗಿ ಕೇಳಿಬಿಟ್ಟಳು: "ನನಗೂ ಆ ಕಾಯಿಲೆ ಇದ್ಯಾ ಇಲ್ವಾ ಅಂತ ಇದ್ರಲ್ಲಿ ಗೊತ್ತಾಗುತ್ತಾ?"

"ಇಲ್ಲ," ಅಂದಳು ಸಂಶೋಧಕಿ. "ಒಬ್ಬರ ಚಿತ್ರ ನೋಡಿ ಹಾಗೆ ಹೇಳೋಕೆ ನಮಗೆ ಬರಲ್ಲ. ಎಷ್ಟೋ ಜನರದ್ದನ್ನ ಒಟ್ಟಿಗಿಟ್ಟು ನೋಡಿದ್ರೆ ಮಾತ್ರ ಏನಾದ್ರೂ ಕಾಣುತ್ತೆ. ಇದು ಚಿಕಿತ್ಸೆಯೂ ಅಲ್ಲ. ಮಧ್ಯದಲ್ಲಿ ಸಾಕು ಅನ್ನಿಸಿದ್ರೆ ಎದ್ದು ಹೋಗಬಹುದು, ಯಾರೂ ಏನೂ ಕೇಳಲ್ಲ. ಎಲ್ಲ ಮುಗಿದ ಮೇಲೆ ನಮಗೆ ತಿಳಿದದ್ದನ್ನ ನಿಮ್ಮನ್ನೆಲ್ಲ ಕರೆದು ಹೇಳ್ತೀವಿ." ಇಲ್ಲ ಅನ್ನುವ ಮಾತು ಇಷ್ಟು ಹಗುರ ಮಾಡುತ್ತದೆ ಅಂತ ಅಕ್ಕನಿಗೆ ಗೊತ್ತಿರಲಿಲ್ಲ.

ಯಂತ್ರದ ಕೋಣೆಯಲ್ಲಿ ಚಳಿ. ಓಲೆ, ಉಂಗುರ, ಹೇರ್‌ಪಿನ್ ಎಲ್ಲ ಬಿಚ್ಚಿಸಿದರು. ಕಟ್ಟು ಹಾಕುವ ಕೆಲಸ ಅಂತ ಕೇಳಿ ಯಂತ್ರ ನಡೆಸುವ ತಂತ್ರಜ್ಞ, "ಕಣ್ಣಿಗೆ ಯಾವತ್ತಾದ್ರೂ ಮೊಳೆ ಚೂರು, ಕಬ್ಬಿಣದ ಪುಡಿ ಹೊಕ್ಕಿತ್ತಾ?" ಅಂತ ಎರಡು ಸಲ ಕೇಳಿದ. ಒಳಗಿರುವುದು ಭಾರೀ ಅಯಸ್ಕಾಂತವಂತೆ. ಸದ್ದು ತಡೆಯಲು ಕಿವಿಗೆ ಬೆಂಡು ತುರುಕಿ, ತಲೆಗೆ ಪಂಜರದಂಥ ಟೋಪಿ ಇಟ್ಟು, ಒಂದು ಕೈಗೆ ಗುಂಡಿಗಳ ಪೆಟ್ಟಿಗೆ, ಇನ್ನೊಂದು ಕೈಗೆ ಭಯವಾದರೆ ಹಿಚುಕಲು ರಬ್ಬರ್ ಚೆಂಡು ಕೊಟ್ಟು ಅಕ್ಕನನ್ನು ಒಳಗೆ ಜಾರಿಸಿದರು. ಕಣ್ಣಿನ ಮೇಲೊಂದು ಪುಟ್ಟ ಕನ್ನಡಿ, ಅದರಲ್ಲಿ ಪರದೆ ಕಾಣುತ್ತಿತ್ತು.

ಡಬಡಬ ಸದ್ದು ಶುರುವಾಯಿತು. ಪರದೆಯಲ್ಲಿ ಮೊದಲು ಒಂದು ಚುಕ್ಕಿ ಬರುತ್ತಿತ್ತು. ಹಸಿರು ಬಂದರೆ ಮುಂದಿನದು ಹಿತವಾದ ಚಿತ್ರ, ಬೂದು ಬಂದರೆ ಅಲ್ಲ. ಸ್ವಲ್ಪ ಕಾದ ಮೇಲೆ ಚಿತ್ರ. ಆಮೇಲೆ, ಮನಸ್ಸಿಗೆ ಎಷ್ಟು ತಟ್ಟಿತು, ಒಂದರಿಂದ ಐದರೊಳಗೆ ಒತ್ತಿ ಅನ್ನುವ ಪ್ರಶ್ನೆ. ನಾಯಿಮರಿಯನ್ನು ತಬ್ಬಿಕೊಂಡ ಮುದುಕ. ಸೋಪಿನ ಗುಳ್ಳೆ ಊದುವ ಮಗು. ಮುರಿದುಬಿದ್ದ ಸೈಕಲ್ಲು. ಹಸಿರು ಬಂದಾಗಲೆಲ್ಲ ಅಕ್ಕನಿಗೆ ಈಗೇನು ಬರುತ್ತದೋ ಅನ್ನುವ ಪುಟ್ಟ ಆಸೆ ಹುಟ್ಟುತ್ತಿತ್ತು. ಒಮ್ಮೆ ಬೂದು ಚುಕ್ಕಿಯ ಹಿಂದೆ ಆಸ್ಪತ್ರೆಯ ಖಾಲಿ ಮಂಚ ಬಂತು. ಕೆಳಗೆ ಒಂದು ಜೊತೆ ಚಪ್ಪಲಿ. ಅಕ್ಕನ ಕಣ್ಣೀರು ಕೆನ್ನೆ ಮೇಲೆ ಇಳಿಯಲು ಜಾಗವಿಲ್ಲದೆ ಎರಡೂ ಕಿವಿಗೆ ಹರಿಯಿತು. ತಲೆ ಅಲ್ಲಾಡಿಸುವಂತಿಲ್ಲ. ಒರೆಸಿಕೊಳ್ಳುವಂತಿಲ್ಲ. ಐದು ಒತ್ತಿದಳು.

ಆಮೇಲೆ ತಮ್ಮ ಹೋದ. ಹೊರಗೆ ಬಂದಾಗ ಅದೇ ಮುಖ. "ಇಷ್ಟು ಅಲ್ಲಾಡದೆ ಮಲಗಿದವರನ್ನ ನಾನು ನೋಡೇ ಇಲ್ಲ," ಅಂತ ತಂತ್ರಜ್ಞ ಮೆಚ್ಚಿದ. ಅಲ್ಲಾಡಿಸುವಂಥದ್ದು ಒಳಗೇನಾದರೂ ಇದ್ದರೆ ತಾನೇ, ಅಂದುಕೊಂಡಳು ಅಕ್ಕ.

ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಸುಮ್ಮನಿರಲಾರದೆ ಕೇಳಿದಳು. "ನಿನಗೆ ಯಾವ ಚಿತ್ರ ನೆನಪಿದೆ?"

ತಮ್ಮ ಕಪ್ಪಿನ ಹಿಡಿ ತಿರುಗಿಸಿದ. "ಮಂಚದ್ದು. ಕೆಳಗೆ ಚಪ್ಪಲಿ ಇತ್ತಲ್ಲ, ಅದು."

"ಅದಕ್ಕೆ ಎಷ್ಟು ಒತ್ತಿದೆ?"

"ಐದು. ಅದಕ್ಕಿಂತ ಮೇಲೆ ಇರ್ಲಿಲ್ಲ."

ಅಕ್ಕ ಅವನ ಮುಖ ನೋಡಿದಳು. ಅಲ್ಲಿ ಒಂದೂ ಇರಲಿಲ್ಲ, ಐದೂ ಇರಲಿಲ್ಲ. ಏನೋ ಕೈಗೆ ಸಿಕ್ಕಿದ್ದನ್ನು ಒತ್ತಿರಬೇಕು ಅಂತ ತನಗೆ ತಾನೇ ಹೇಳಿಕೊಂಡಳು. ತಮ್ಮ ಮತ್ತೆ ಅಂದ: "ಹಸಿರು ಚುಕ್ಕಿ ಬಂದಾಗ ಏನೂ ಅನ್ನಿಸ್ತಿರ್ಲಿಲ್ಲ. ಆಮೇಲೆ ಆ ಸಂಶೋಧನೆ ಹುಡುಗಿ ಆಗ ಖುಷಿ ಆಗ್ತಿತ್ತಾ ಅಂತ ಕೇಳಿದ್ಲು, ಇಲ್ಲ ಅಂದೆ. ನಾಯಿಮರಿ ಬಂದ ಮೇಲೆ ಚೆನ್ನಾಗಿತ್ತು." ಇಷ್ಟು ಉದ್ದದ ಮಾತನ್ನು ಅವನು ಆಡಿ ಎಷ್ಟು ಕಾಲವಾಗಿತ್ತೋ. ಅಕ್ಕ ಟೀ ಮುಗಿಸಿ ಎದ್ದಳು. ಆದರೆ ಆ ಐದು ಅವಳ ತಲೆಯೊಳಗೆ ನೊಣದ ಹಾಗೆ ಸುತ್ತುತ್ತಲೇ ಇತ್ತು.

ತಿಂಗಳುಗಳು ಉರುಳಿದ ಮೇಲೆ ಕರೆ ಬಂತು. ಆಸ್ಪತ್ರೆಯ ಒಂದು ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಎಲ್ಲ ಮನೆಯವರನ್ನೂ ಕೂಡಿಸಿದ್ದರು. ತಮ್ಮ ಕಿಟಕಿ ಪಕ್ಕದ ಕುರ್ಚಿ ಹಿಡಿದ, ಅಕ್ಕ ಅವನ ಪಕ್ಕ. ಸಂಶೋಧಕಿ ಗೋಡೆಯ ಮೇಲೆ ಎರಡು ಮಿದುಳಿನ ಚಿತ್ರ ಹಾಕಿದಳು. ಬೂದು ಬಣ್ಣದ ಮಿದುಳು, ಅಲ್ಲಲ್ಲಿ ಕಿತ್ತಳೆ ಬಣ್ಣದ ಕಲೆ.

"ಇದು ಯಾರೊಬ್ಬರದ್ದೂ ಅಲ್ಲ, ಎಲ್ಲರದ್ದನ್ನೂ ಸೇರಿಸಿದ ಸರಾಸರಿ," ಅಂತ ಮೊದಲೇ ಹೇಳಿದಳು. "ನಮ್ಮದು ಸಣ್ಣ ಅಧ್ಯಯನ, ತಪ್ಪಿರಬಹುದು. ಆದ್ರೆ ಬೇರೆ ಕಡೆಯವರೂ ಹೆಚ್ಚುಕಡಿಮೆ ಇದನ್ನೇ ನೋಡಿದ್ದಾರೆ. ಚಿತ್ರ ಕಣ್ಣೆದುರು ಇದ್ದಾಗ ಒಡಹುಟ್ಟಿದವರಲ್ಲಿ ಏನು ಕಂಡ್ವೋ ಕಾಯಿಲೆ ಇರೋರಲ್ಲೂ ಹೆಚ್ಚುಕಡಿಮೆ ಅದೇ ಕಂಡ್ವಿ. ಅವರು ಒತ್ತಿದ ಅಂಕಗಳೂ ಹಾಗೇ ಇದ್ವು. ಅಂದ್ರೆ ಅನ್ನಿಸೋದು ಅನ್ನಿಸುತ್ತೆ. ವ್ಯತ್ಯಾಸ ಇದ್ದದ್ದು ಚುಕ್ಕಿ ಬಂದಾಗ, ಕಾಯೋ ಹೊತ್ತಲ್ಲಿ. ಮುಂದೆ ಬರೋದು ಹೀಗಿರುತ್ತೆ, ಹೋದ ಸಲ ಚೆನ್ನಾಗಿತ್ತು ಅಂತ ಮನಸ್ಸು ಮೊದಲೇ ಕಟ್ಟಿಕೊಳ್ಳುತ್ತಲ್ಲ, ಆ ಯೋಚನೆಯ ಕೆಲಸ ಇವರಲ್ಲಿ ಮಂದ."

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಂದೆ ಎದ್ದು ನಿಂತರು. ಕೈಯಲ್ಲಿ ಟೋಪಿ ಮುದುಡಿಕೊಂಡಿದ್ದರು. "ಹಾಗಾದ್ರೆ ನನ್ನ ಮಗ ಸೋಮಾರಿ ಅಲ್ಲ ಅಂತೀರಾ?"

"ಸೋಮಾರಿತನ ಅನ್ನೋಕಾಗಲ್ಲ ಸರ್. ಹಸಿವು ಹುಟ್ಟದವನಿಗೆ ರುಚಿ ಗೊತ್ತಾಗಲ್ಲ ಅನ್ನೋ ಹಾಗಿಲ್ಲ. ಬಾಯಿಗೆ ಬಿದ್ರೆ ಗೊತ್ತಾಗುತ್ತೆ. ಬಾಯಿವರೆಗೆ ತರೋದೇ ಕಷ್ಟ."

ಆ ತಂದೆ ಕೂರಲಿಲ್ಲ. ಮುದುಡಿದ ಟೋಪಿಯನ್ನು ನಿಂತೇ ಬಿಡಿಸತೊಡಗಿದರು. ಅಕ್ಕ ಕೈ ಎತ್ತಿದ್ದು ತನಗೂ ತಿಳಿಯದೆ. "ಮತ್ತೆ ಮುಖ? ಮುಖದಲ್ಲಿ ಏನೂ ಕಾಣಲ್ವಲ್ಲ?"

"ಮುಖದ ಮೇಲೆ ತರೋದು ಬೇರೆ ಕೆಲಸ. ಅದು ಈ ಕಾಯಿಲೆಯಲ್ಲಿ ಕುಂಟುತ್ತೆ. ಕೆಲವು ಸಲ ಮಾತ್ರೆಯಿಂದಲೂ ಹಾಗಾಗಬಹುದು. ಮುಖದಲ್ಲಿ ಇಲ್ಲ ಅಂದ ಮಾತ್ರಕ್ಕೆ ಒಳಗೆ ಇಲ್ಲ ಅಂದುಕೊಳ್ಳಬೇಡಿ. ಕೇಳಿ ನೋಡಿ."

ಅಕ್ಕ ಪಕ್ಕಕ್ಕೆ ತಿರುಗಿದಳು. ತಮ್ಮ ಕಿಟಕಿಯಾಚೆ ನೋಡುತ್ತಿದ್ದ.

ಕೇಳುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ದಿನಾ ಬೆಳಗ್ಗೆ ಇವತ್ತು ಕೇಳೋಣ ಅಂತ ಅಂಗಡಿಗೆ ಹೋಗುವಳು, ಗಿರಾಕಿಯ ನೆಪ ಸಿಕ್ಕರೆ ಸಾಕು, ನಾಳೆಗೆ ದೂಡುವಳು. ಕೊನೆಗೆ ಒಂದು ಮಧ್ಯಾಹ್ನ, ಇಬ್ಬರೂ ಒಂದು ದೊಡ್ಡ ಗಾಜಿನ ಎರಡು ತುದಿ ಹಿಡಿದು ಮೇಜಿನ ಮೇಲೆ ಮಲಗಿಸುವಾಗ, ಕೈ ಬಿಡಲಾಗದ ಹೊತ್ತು ನೋಡಿ ಕೇಳಿದಳು.

"ಅಮ್ಮ ಹೋದಾಗ ನಿನಗೆ ಏನನ್ನಿಸ್ತೋ?"

ತಮ್ಮ ತನ್ನ ತುದಿಯನ್ನು ಮೆಲ್ಲಗೆ ಮೇಜಿಗೆ ತಾಗಿಸಿದ. ಆಮೇಲೆ ಬಟ್ಟೆ ತೆಗೆದುಕೊಂಡು ಒರೆಸಲು ಶುರುಮಾಡಿದ. "ಹೊಟ್ಟೆ ಒಳಗೆ ಯಾರೋ ಮುಷ್ಟಿ ಬಿಗಿ ಹಿಡ್ಕೊಂಡ ಹಾಗಿತ್ತು," ಅಂದ. "ಬಹಳ ದಿನ ಇತ್ತು. ಅಳು ಬರ್ಲಿಲ್ಲ. ಅಳಬೇಕು ಅಂತ ನೋಡ್ದೆ, ಬರ್ಲಿಲ್ಲ."

"ಮಾರನೇ ದಿನವೇ ಅಂಗಡಿಗೆ ಬಂದ್ಯಲ್ಲ."

"ಮನೇಲಿ ಅಮ್ಮನ ಕೋಣೆ ಬಾಗಿಲು ಕಾಣ್ತಿತ್ತು. ಕೂರಕ್ಕಾಗ್ಲಿಲ್ಲ." ಗಾಜಿನ ಇನ್ನೊಂದು ಮೂಲೆಗೆ ಬಟ್ಟೆ ಸರಿಸಿ, "ನೀನು ಸಿಟ್ಟಾಗಿದ್ದೆ," ಅಂದ.

"ಹೂಂ. ಆಗಿದ್ದೆ."

"ಈಗ?"

"ಈಗಿಲ್ಲ ಕಣೋ," ಅಂದಳು ಅಕ್ಕ. ಅವಳು ಅತ್ತಳು. ತಮ್ಮ ಒರೆಸುವ ಬಟ್ಟೆಯನ್ನೇ ಅವಳ ಕಡೆ ಚಾಚಿದ. ಅದಕ್ಕೆ ಗಾಜು ಒರೆಸುವ ಸ್ಪಿರಿಟ್ಟು ಹತ್ತಿದ್ದು ನೋಡಿ ಹಿಂದಕ್ಕೆ ತೆಗೆದುಕೊಂಡ.

ಭಾನುವಾರದ ವಿಷಯದಲ್ಲಿ ಅವರಿಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಆಸೆ ಇದೆಯಾ ಅಂತ ಅಕ್ಕ ಕೇಳುವ ಹಾಗಿಲ್ಲ, ಆಸೆಗೆ ತಮ್ಮ ಕಾಯುವ ಹಾಗಿಲ್ಲ. ಹೋಗುವುದು. ಹಿಡಿಸದಿದ್ದರೆ ಆ ಕ್ಷಣವೇ ವಾಪಸ್ಸು, ಯಾರೂ ಮುಖ ಊದಿಸುವಂತಿಲ್ಲ. "ಮುಖ ಊದಿಸೋದು ನಿನಗೆ ಹೇಗೂ ಬರಲ್ಲ, ಇದು ನಿನ್ನಕ್ಕನಿಗೆ ಹೇಳಿದ್ದು," ಅಂದ ಭಾವ.

ಮೊದಲ ಭಾನುವಾರವೇ ಎಡವಟ್ಟಾಯಿತು. ಅಕ್ಕ ಉತ್ಸಾಹದಲ್ಲಿ ಅವನನ್ನು ಊರಿನ ದೊಡ್ಡ ವಸ್ತುಪ್ರದರ್ಶನಕ್ಕೆ ಕರೆದೊಯ್ದಳು. ಒಳಗೆ ಜನವೋ ಜನ, ಮೈಕುಗಳ ಕಿರಿಚಾಟ. ತಮ್ಮ ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟವನು ನಿಂತುಬಿಟ್ಟ. ಹಣೆಯ ಮೇಲೆ ಬೆವರು. "ಸಾಕು," ಅಂದ. ಗೇಟಿನಲ್ಲಿ ಟಿಕೆಟ್ ತೋರಿಸುತ್ತಿದ್ದ ಭಾವ ಒಳಗೆ ಬರುವಷ್ಟರಲ್ಲಿ ಇಬ್ಬರೂ ಹೊರಗಿದ್ದರು. ಬಸ್ಸಿನಲ್ಲಿ ಅಕ್ಕನಿಗೆ, ಹಾಲ್‌ನಲ್ಲಿ ಕೂತು ಬಣ್ಣದ ಚಿತ್ರ ನೋಡಿ ಏನೇನೋ ಕನಸು ಕಂಡೆನಲ್ಲ ಅನ್ನಿಸಿತು. ಮನೆ ಹತ್ತಿರ ಬಂದಾಗ ತಮ್ಮನೇ ಬಾಯಿ ಬಿಟ್ಟ.

"ಜನ ಜಾಸ್ತಿ. ಜನ ಇಲ್ಲದ ಕಡೆ ಆದ್ರೆ ಪರವಾಗಿಲ್ಲ."

ಮುಂದಿನ ವಾರ ಕೆರೆಗೆ ಹೋದರು. ಬೆಳಗಿನ ಹೊತ್ತು, ದಂಡೆಯಲ್ಲಿ ವಾಕಿಂಗಿನವರು ಬಿಟ್ಟರೆ ಯಾರೂ ಇಲ್ಲ. ಕಾಲಲ್ಲಿ ತುಳಿಯುವ ದೋಣಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ತಮ್ಮನೂ ಭಾವನೂ ಮುಂದೆ, ಅಕ್ಕ ಹಿಂದೆ. ಇಡೀ ದಿನ ಬಸ್ಸಿನ ಕ್ಲಚ್ಚು ತುಳಿಯುವ ಭಾವನ ಮಂಡಿ ಕೆರೆಯ ನಡುವೆ ಕೈಕೊಟ್ಟಿತು. "ಇನ್ನು ನನ್ನಿಂದ ಆಗಲ್ಲಪ್ಪ. ಇಲ್ಲೇ ಇಳಿಸ್ಬಿಡಿ, ಮುಂದಿನ ಸ್ಟಾಪಲ್ಲಿ ಹತ್ಕೊಳ್ತೀನಿ," ಅಂದ. ಆಮೇಲೆ ತಮ್ಮನೊಬ್ಬನೇ ತುಳಿದ. ದೋಣಿ ಒಂದೇ ಬದಿಗೆ ಎಳೆಯುತ್ತಾ ಗಿರಗಿರ ಸುತ್ತತೊಡಗಿತು. ಬಾತುಕೋಳಿಗಳು ದಾರಿ ಬಿಟ್ಟುಕೊಟ್ಟು ದೂರ ಸರಿದವು. ತಮ್ಮನ ಮುಖ ಹಾಗೇ ಇತ್ತು. ಆದರೆ ಈಗ ಅಕ್ಕ ಮುಖ ನೋಡುತ್ತಿರಲಿಲ್ಲ. ಅವನ ಬೆರಳುಗಳು ದೋಣಿಯ ಅಂಚಿನ ಮೇಲೆ ತಾಳ ಹಾಕುತ್ತಿದ್ದವು. ದಂಡೆಯ ಮೇಲಿದ್ದ ದೋಣಿಯವ ಹೊತ್ತಾಯಿತು ಅಂತ ಸೀಟಿ ಊದಿದಾಗ ತಮ್ಮ ಹಿಂದಕ್ಕೆ ತಿರುಗಿ, "ಇನ್ನೊಂದು ಸುತ್ತು ಹೋಗೋಣ್ವಾ?" ಅಂದ.

ಅಷ್ಟರಿಂದ ಎಲ್ಲ ಸರಿಹೋಯಿತು ಅಂತಲ್ಲ. ಮುಂದಿನ ಭಾನುವಾರ ಮತ್ತೆ ಅವನ ಬಾಯಿಂದ ಬಂದದ್ದು "ಬೇಡ" ಅನ್ನುವ ಮಾತೇ. ಅಕ್ಕನಿಗೆ ಸಿಟ್ಟು ಮೂಗಿನ ತುದಿಗೆ ಬಂತು, ತಡೆದುಕೊಂಡಳು. "ಹೋದ ವಾರ ಇನ್ನೊಂದು ಸುತ್ತು ಅಂದಿದ್ದು ಯಾರು?" ಅಂತ ಕೇಳಿದಳು.

ತಮ್ಮ ಯೋಚಿಸಿದ. ಎಲ್ಲೋ ಒಳಗೆ ಇಟ್ಟದ್ದನ್ನು ತಡಕಾಡಿ ಹುಡುಕುವವನ ಹಾಗೆ ನೆಲ ನೋಡಿದ. "ಹೌದು. ಅಂದಿದ್ದೆ. ಚೆನ್ನಾಗಿತ್ತು," ಅಂದ. ಎದ್ದು ಹೋಗಿ ಅಂಗಿ ಬದಲಿಸಿಕೊಂಡು ಬಂದ.

ಕೆಲವು ವಾರ ಹೋದರು, ಕೆಲವು ವಾರ ಆಗಲಿಲ್ಲ. ಎರಡು ಸಲ ಹಳೆಯ ದನಿಗಳು ತಲೆ ಹಾಕಿದವು. ಆಗ ಡಾಕ್ಟರು ಮಾತ್ರೆ ಹೆಚ್ಚುಕಡಿಮೆ ಮಾಡಿದರು. ಆದರೆ ಅಕ್ಕ ಮಾತು ಕಡಿಮೆ ಮಾಡುವುದನ್ನು ಬಿಟ್ಟಿದ್ದಳು. ಏನನ್ನಿಸ್ತು ಅಂತ ಅವಳು ಕೇಳುವುದು, ಅವನು ಒಂದರಿಂದ ಐದರೊಳಗೆ ಹೇಳುವುದು ಮನೆಯಲ್ಲಿ ರೂಢಿಯಾಯಿತು. ಭಾವನ ಅಡುಗೆಗೆ ಒಮ್ಮೆ ಎರಡು ಸಿಕ್ಕಿತು. ಭಾವ ಆಸ್ಪತ್ರೆಗೆ ದೂರು ಕೊಡುತ್ತೇನೆ ಅಂತ ಎದ್ದು ನಿಂತ.

ಒಂದು ದಿನ ಅಕ್ಕ ಅಂಗಡಿಯ ಹಿಂಭಾಗದಲ್ಲಿ ಪಟ್ಟಿ ಕೊಯ್ಯುತ್ತಿದ್ದಾಗ ನಡುವಯಸ್ಸಿನ ಒಬ್ಬ ಹೆಂಗಸು ಬಂದಳು. ಪೇಪರಿನಲ್ಲಿ ಸುತ್ತಿದ ಫೋಟೊ ಬಿಚ್ಚಿ ತಮ್ಮನ ಎದುರಿಗಿಟ್ಟಳು. ತೆಳ್ಳಗೆ ಉದ್ದಕ್ಕಿದ್ದ ಒಬ್ಬ ಗಂಡಸು, ಕೈಕಟ್ಟಿ ನಿಂತಿದ್ದ. "ನಮ್ಮವರು. ಹೋಗಿ ತಿಂಗಳಾಯ್ತು," ಅಂದಳು. ತಮ್ಮ ಅವಳನ್ನು ನೋಡುತ್ತಿದ್ದ. ಅವಳ ಕಣ್ಣು ಆ ಮುಖದ ಮೇಲೆ ಬಿದ್ದು, ಅಲ್ಲಿ ಏನೂ ಸಿಗದೆ, ಒಳಗೆ ಬೇರೆ ಯಾರಾದರೂ ಇದ್ದಾರೆಯೇ ಅಂತ ಹುಡುಕತೊಡಗಿತು. ಅಕ್ಕ ಗರಗಸ ಕೆಳಗಿಟ್ಟು ಏಳಲು ಹೊರಟಳು.

"ನನ್ನ ಮುಖದಲ್ಲಿ ಕಾಣಲ್ಲ ಮೇಡಂ," ಅಂದ ತಮ್ಮ. "ಅದು ನನ್ನ ಕಾಯಿಲೆ. ಆದ್ರೆ ನೀವು ಹೇಳಿದ್ದು ಕೇಳಿ ನನಗೆ ಬೇಜಾರಾಯ್ತು. ನಿಜವಾಗ್ಲೂ."

ಹೆಂಗಸು ಅವನನ್ನು ಮತ್ತೊಮ್ಮೆ ನೋಡಿದಳು. ಮೆಲ್ಲಗೆ ತಲೆಯಾಡಿಸಿದಳು. ತಮ್ಮ ಸ್ಟೂಲು ಎಳೆದುಕೊಟ್ಟ. ಅವಳು ಕೂತಳು. ಗಂಡನಿಗೆ ಏನಾಗಿತ್ತು, ಎಷ್ಟು ದಿನ ಮಲಗಿದ್ದರು ಅಂತ ಹೇಳತೊಡಗಿದಳು. ತಮ್ಮ ಕೇಳಿಸಿಕೊಂಡ. ನಡುವೆ ಒಂದೆರಡು ಸಲ "ಹೂಂ" ಅಂದ. ಅಕ್ಕ ಏಳಲಿಲ್ಲ.

ಆಮೇಲೆ ಅವನು ಗೋಡೆಯಿಂದ ಮೂರು ನಾಲ್ಕು ಮಾದರಿ ತುಂಡು ತಂದು ಫೋಟೊದ ಮೂಲೆಗೆ ಇಟ್ಟು ಇಟ್ಟು ತೋರಿಸಿದ. ಅಗಲದ್ದೊಂದನ್ನು ಹೆಂಗಸು ಕೈಗೆತ್ತಿಕೊಂಡಳು. "ಇದು ದಪ್ಪ ಆಯ್ತಾ?"

"ದಪ್ಪ," ಅಂದ ತಮ್ಮ. "ಸರ್ ತೆಳ್ಳಗಿದ್ದಾರೆ. ಇದ್ರೊಳಗೆ ಹಾಕಿದ್ರೆ ಅಣ್ಣನ ಕೋಟು ಹಾಕ್ಕೊಂಡ ಹಾಗೆ ಕಾಣ್ತಾರೆ."

ಹೆಂಗಸಿಗೆ ನಗು ಬಂತು. ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಅವರ ಕೋಟುಗಳೆಲ್ಲ ಹಾಗೇ ಇದ್ವು," ಅಂದಳು. ತಮ್ಮ ಅಳತೆ ಪಟ್ಟಿ ತೆಗೆದುಕೊಂಡು ಫೋಟೊದ ಉದ್ದಗಲ ನೋಡಿದ. ತೆಳು ಪಟ್ಟಿಯನ್ನು ಬೇರೆ ಇಟ್ಟ. ಗುರುವಾರ ಬನ್ನಿ, ಸಿದ್ಧವಾಗಿರುತ್ತೆ ಅಂದ.